ತಲೆಗೆ ಬಿಸಿನೀರು ಬಿದ್ದಾಗ ಮೆದುಳಿನಲ್ಲಿ ಏನಾಗುತ್ತದೆ?

ನಮ್ಮ ಕಡೆ ದೀಪಾವಳಿ ಶುರುವಾಗುವುದೇ ಬಚ್ಚಲುಮನೆಯಿಂದ. ತ್ರಯೋದಶಿಯ ಸಂಜೆ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಅದರ ಕೊರಳಿಗೆ ಹಾಗಲಬಳ್ಳಿ ಸುತ್ತಿ ನೀರು ತುಂಬುತ್ತಾರೆ. ಮರುದಿನ ಬೆಳಗಿನ ಜಾವ ಮಕ್ಕಳನ್ನು ಎಬ್ಬಿಸಿ, ಎಣ್ಣೆ ಒತ್ತಿ, ಹಬೆಯಾಡುವ ನೀರನ್ನು ಚೊಂಬಿನ ಮೇಲೆ ಚೊಂಬು ತಲೆಗೆ ಸುರಿಯುತ್ತಾರೆ. ಅಂಥದೊಂದು ಬೆಳಿಗ್ಗೆ ನಮ್ಮ ದೊಡ್ಡಪ್ಪನ ಮಗನಿಗೆ ಬಚ್ಚಲಲ್ಲಿ ಏನೋ ಆಯಿತು. ಅವನಿಗೆ ಆಗ ಹನ್ನೊಂದು ವರ್ಷ. ದೊಡ್ಡಮ್ಮ ನೀರು ಹುಯ್ಯುತ್ತಿದ್ದರು, ಇವನು "ಸುಡ್ತದೆ, ಸುಡ್ತದೆ" ಎಂದು ಕುಣಿಯುತ್ತಿದ್ದ. ಐದಾರು ಚೊಂಬು ಆದಮೇಲೆ ಕುಣಿತ ನಿಂತಿತು. ಕಣ್ಣು ತೆರೆದೇ ಇತ್ತು, ಆದರೆ ಯಾರನ್ನೂ ನೋಡುತ್ತಿರಲಿಲ್ಲ. ಏನೋ ಚಪ್ಪರಿಸುವವನಂತೆ ತುಟಿ ಆಡಿಸಿದ. ತೊಡೆಯ ಮೇಲಿದ್ದ ಒದ್ದೆ ಟವೆಲನ್ನು ಬೆರಳಲ್ಲಿ ಹಿಸುಕುತ್ತ ಹೋದ. ದೊಡ್ಡಮ್ಮ ಹೆಸರು ಹಿಡಿದು ಕೂಗಿದರೂ ತಿರುಗಲಿಲ್ಲ. ಆಮೇಲೆ ಹಾಗೇ ಪಕ್ಕಕ್ಕೆ ವಾಲಿಬಿಟ್ಟ.

ಎಲ್ಲ ಸೇರಿ ಎರಡು ನಿಮಿಷವೂ ಇರಲಿಕ್ಕಿಲ್ಲ. ಯಾರೋ ಕೈಗೆ ಬೀಗದ ಕೈ ಗೊಂಚಲು ಹಿಡಿಸಿದರು, ಇನ್ನಾರೋ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ಎಚ್ಚರಾದ ಮೇಲೆ ಅವನಿಗೆ ಏನೂ ನೆನಪಿರಲಿಲ್ಲ, ನಿದ್ದೆ ಬರುತ್ತಿದೆ ಎಂದಷ್ಟೇ ಹೇಳಿದ. ಹದಿನೈದು ದಿನ ಬಿಟ್ಟು ತಲೆಗೆ ನೀರು ಹಾಕಿದಾಗ ಮತ್ತೆ ಅದೇ ಆಯಿತು. ಬಚ್ಚಲಲ್ಲಿ ಗಾಳಿ ಇದೆ ಎಂದು ಹಿರಿಯರು ತೀರ್ಮಾನಿಸಿದರು. ತಾಯತ ಬಂತು. ಸ್ನಾನವನ್ನು ಹಿತ್ತಲಿಗೆ ಬದಲಾಯಿಸಿದ್ದಾಯಿತು, ಅಲ್ಲಿಯೂ ಬಂತು. ಜಾಗ ಬದಲಾಗಿತ್ತು, ಹಂಡೆಯ ನೀರು ಮಾತ್ರ ಅದೇ ಬಿಸಿಯಲ್ಲಿತ್ತು. ಅದು ನಮಗ್ಯಾರಿಗೂ ಹೊಳೆಯಲಿಲ್ಲ.

ಬಹಳ ವರ್ಷಗಳ ಮೇಲೆ ಬೆಂಗಳೂರಿನಲ್ಲಿ ಮೆದುಳಿನ ಕಾಯಿಲೆಗಳ ಬಗ್ಗೆ ಒಂದು ಉಪನ್ಯಾಸ ಕೇಳಲು ಹೋಗಿದ್ದೆ. ಮಾತಿನ ನಡುವೆ ಉಪನ್ಯಾಸಕರು, ಹಳೇ ಮೈಸೂರು ಸೀಮೆಯಲ್ಲಿ ಜಗತ್ತಿನ ಬೇರೆಲ್ಲ ಕಡೆಗಿಂತ ಹೆಚ್ಚಾಗಿ ಕಾಣುವ ಒಂದು ಮೂರ್ಛೆ ರೋಗವಿದೆ, ಅದು ಬರುವುದು ತಲೆಗೆ ಬಿಸಿನೀರು ಹುಯ್ದಾಗ ಎಂದರು. ಕುರ್ಚಿಯಲ್ಲಿ ನೆಟ್ಟಗೆ ಕೂತೆ. ನಮ್ಮ ಮನೆಯ ಬಚ್ಚಲಲ್ಲಿ ನಡೆದದ್ದಕ್ಕೆ ವೈದ್ಯಕೀಯದಲ್ಲಿ ಒಂದು ಹೆಸರಿತ್ತು: ಹಾಟ್ ವಾಟರ್ ಎಪಿಲೆಪ್ಸಿ, ಬಿಸಿನೀರಿನ ಅಪಸ್ಮಾರ. ಅವತ್ತಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಮೆದುಳು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ನಮ್ಮ ಮನೆಯ ಚೊಂಬು ಹಿಡಿದೇ ವಿವರಿಸಬಹುದು ಎಂದು ತೋರಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮೂರ್ಛೆ ಎಂದರೇನು ನೋಡೋಣ. ನಮ್ಮ ತಲೆಯಲ್ಲಿ ಸುಮಾರು 8600 ಕೋಟಿ ನರಕೋಶಗಳಿವೆ. ಸುಮ್ಮನಿರುವ ಒಂದೊಂದು ನರಕೋಶವೂ ತನ್ನ ಪೊರೆಯ ಒಳಗೂ ಹೊರಗೂ ಸುಮಾರು 70 ಮಿಲಿವೋಲ್ಟ್ ವ್ಯತ್ಯಾಸ ಕಾದುಕೊಂಡಿರುತ್ತದೆ. ಪಕ್ಕದ ಕೋಶಗಳಿಂದ ಸಾಕಷ್ಟು ಪ್ರಚೋದನೆ ಬಂದು ಆ ವ್ಯತ್ಯಾಸ ಒಂದು ಹೊಸ್ತಿಲು ದಾಟಿದರೆ ಪೊರೆಯಲ್ಲಿರುವ ಸಣ್ಣ ಬಾಗಿಲುಗಳು ತೆರೆದು ಸೋಡಿಯಂ ಒಳನುಗ್ಗುತ್ತದೆ, ಕೋಶ ಮಿಡಿಯುತ್ತದೆ, ಸುದ್ದಿ ಮುಂದಕ್ಕೆ ಹೋಗುತ್ತದೆ. ಪ್ರಚೋದಿಸುವ ಸಂಕೇತಕ್ಕೆ ಮುಖ್ಯವಾಗಿ ಗ್ಲುಟಮೇಟ್ ಎಂಬ ರಾಸಾಯನಿಕ ಬಳಕೆಯಾದರೆ, ತಡೆಯುವ ಸಂಕೇತಕ್ಕೆ ಗಾಬಾ ಎಂಬುದು ಬೇಕು. ಈ ಎರಡರ ಎಳೆದಾಟದಲ್ಲೇ ನಮ್ಮ ನೋಟ, ನೆನಪು, ನಡಿಗೆ ಎಲ್ಲ ನಡೆಯುತ್ತಿರುತ್ತವೆ.

ಎಚ್ಚರವಾಗಿರುವ ಮೆದುಳು ಸಂತೆಯ ಹಾಗೆ. ಒಬ್ಬ ಟೊಮೆಟೊ ಬೆಲೆ ಕೂಗುತ್ತಾನೆ, ಇನ್ನೊಬ್ಬಳು ಚೌಕಾಸಿ ಮಾಡುತ್ತಾಳೆ, ಮತ್ತೊಬ್ಬ ಚಿಲ್ಲರೆ ಎಣಿಸುತ್ತಾನೆ. ದೂರದಿಂದ ಬರೀ ಗದ್ದಲ, ಹತ್ತಿರ ಹೋದರೆ ಪ್ರತಿಯೊಬ್ಬರೂ ತಮ್ಮ ತಮ್ಮ ಕೆಲಸದಲ್ಲಿ. ಮೂರ್ಛೆ ಬಂದಾಗ ಇದು ತೇರಿನ ಬೀದಿಯಾಗಿಬಿಡುತ್ತದೆ. ಅಷ್ಟೂ ಜನ ಕೈಯಲ್ಲಿದ್ದ ಕೆಲಸ ಬಿಟ್ಟು ಒಂದೇ ಹಗ್ಗ ಹಿಡಿದು, ಒಂದೇ ಕೂಗಿಗೆ, ಒಟ್ಟಿಗೆ ಜಗ್ಗುತ್ತಾರೆ. ಚಕ್ರಕ್ಕೆ ಮರದ ಅಡ್ಡೆ ಕೊಟ್ಟು ತೇರು ನಿಲ್ಲಿಸುವವರಿರುತ್ತಾರಲ್ಲ, ಗಾಬಾದ ಕೆಲಸ ಅದು. ಆ ಹೊತ್ತಿಗೆ ಆ ಅಡ್ಡೆ ಸಾಲದಾಗುತ್ತದೆ. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮೊದಲ ಬಾರಿಗೆ ಮನುಷ್ಯರ ತಲೆಯ ಮೇಲೆ ತಂತಿ ಇಟ್ಟು ಮೆದುಳಿನ ವಿದ್ಯುತ್ತನ್ನು ಕಾಗದಕ್ಕೆ ಇಳಿಸಿದರು. ಈಗ ಎಲ್ಲ ದೊಡ್ಡ ಆಸ್ಪತ್ರೆಗಳಲ್ಲಿ ಮಾಡುವ ಇಇಜಿ ಅದರಿಂದ ಬಂದದ್ದು. ಇಇಜಿಯಲ್ಲಿ ಸಂತೆಯ ಗದ್ದಲ ಸಣ್ಣ ಸಣ್ಣ ಅಂಕುಡೊಂಕು ಗೆರೆಯಾಗಿ ಕಾಣುತ್ತದೆ, ತೇರು ಎಳೆಯುವ ಹೊತ್ತಿನದು ಎತ್ತರದ, ಮೊನಚಾದ, ಲಯಬದ್ಧ ಅಲೆಗಳಾಗಿ.

ಹೆಚ್ಚಿನ ಅಪಸ್ಮಾರದಲ್ಲಿ ಈ ಎಳೆತ ಯಾವಾಗ ಶುರುವಾಗುತ್ತದೆಂದು ಹೇಳಲಾಗುವುದಿಲ್ಲ. ಕೆಲವರಲ್ಲಿ ಮಾತ್ರ ಒಂದು ನಿರ್ದಿಷ್ಟ ಪ್ರಚೋದನೆ ಬೇಕು. ಮಿನುಗುವ ಬೆಳಕು ಎಲ್ಲರಿಗೂ ಗೊತ್ತಿರುವ ಉದಾಹರಣೆ. 1997ರ ಡಿಸೆಂಬರಿನಲ್ಲಿ ಜಪಾನಿನ ಟಿವಿಯಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು ನೀಲಿ ಬಣ್ಣ ವೇಗವಾಗಿ ಮಿನುಗಿ, ನೂರಾರು ಮಕ್ಕಳನ್ನು ಅದೇ ಸಂಜೆ ಆಸ್ಪತ್ರೆಗೆ ಸಾಗಿಸಬೇಕಾಯಿತು. ಓದುವಾಗ ಬರುವುದು, ಸಂಗೀತ ಕೇಳಿದಾಗ ಬರುವುದು, ಊಟ ಮಾಡುವಾಗ ಬರುವುದು ಕೂಡ ಇದೆ. ಇವನ್ನೆಲ್ಲ ರಿಫ್ಲೆಕ್ಸ್ ಎಪಿಲೆಪ್ಸಿ ಎನ್ನುತ್ತಾರೆ. ಬಿಸಿನೀರಿನದು ಈ ಗುಂಪಿಗೆ ಸೇರಿದ್ದು.

ಇದರ ಮೊದಲ ವರದಿ ಬಂದದ್ದು 1945ರಲ್ಲಿ, ನ್ಯೂಜಿಲೆಂಡಿನಿಂದ. ಆದರೆ ಅದು ಒಂದು ಅಪರೂಪದ ಪ್ರಕರಣ. ಇದು ಅಪರೂಪವೇ ಅಲ್ಲ, ಒಂದು ಪ್ರದೇಶದಲ್ಲಿ ದಿನನಿತ್ಯ ಕಾಣುವ ಕಾಯಿಲೆ ಎಂದು ತೋರಿಸಿದವರು ಬೆಂಗಳೂರಿನ ನರರೋಗ ತಜ್ಞ ಕೆ. ಎಸ್. ಮಣಿ. ಅವರೂ ಸಂಗಡಿಗರೂ 1974ರಲ್ಲಿ 108 ರೋಗಿಗಳ ವಿವರ ಪ್ರಕಟಿಸಿದರು. ಆಮೇಲೆ ನಿಮ್ಹಾನ್ಸ್‌ನ ಪಿ. ಸತೀಶ್‌ಚಂದ್ರ ಮತ್ತು ಅವರ ತಂಡ 1988ರಲ್ಲಿ 279 ಜನರ ಅಧ್ಯಯನ ಹೊರತಂದಿತು. ಯಳಂದೂರು ತಾಲ್ಲೂಕಿನಲ್ಲಿ ಮನೆಮನೆಗೆ ಹೋಗಿ ಮಾಡಿದ ಸಮೀಕ್ಷೆಯಲ್ಲೂ ಇದು ಕಂಡಿತು. ನಮ್ಮ ಬಚ್ಚಲುಮನೆಗಳು ಹೀಗೆ ಜಗತ್ತಿನ ನರವಿಜ್ಞಾನದ ಪುಸ್ತಕಗಳಿಗೆ ಸೇರಿವೆ. ಇದನ್ನು ಮಾಡಿದವರು ನಮ್ಮವರೇ ಆದ ವೈದ್ಯರು, ತಮ್ಮ ಹೊರರೋಗಿ ವಿಭಾಗಕ್ಕೆ ಬಂದ ರೈತ ಕುಟುಂಬಗಳ ಮಾತನ್ನು ತಾಳ್ಮೆಯಿಂದ ಕೇಳಿಸಿಕೊಂಡು. "ತಲೆಗೆ ನೀರು ಹಾಕ್ದಾಗ್ಲೇ ಬರ್ತದೆ ಸ್ವಾಮಿ" ಎಂದು ಒಬ್ಬ ತಾಯಿ ಹೇಳಿದರೆ ಅದನ್ನು ತಳ್ಳಿಹಾಕದೆ ಬರೆದುಕೊಳ್ಳುವುದು ದೊಡ್ಡ ಗುಣ ಎಂದು ನಾನು ನಂಬಿದ್ದೇನೆ.

ಈ ಅಧ್ಯಯನಗಳಿಂದ ಮೂಡಿದ ಚಿತ್ರ ನನ್ನ ತಮ್ಮನ ಕಥೆಗೆ ಅಚ್ಚೊತ್ತಿದಂತೆ ಹೊಂದುತ್ತದೆ. ಹೆಚ್ಚಿನವರು ಮಕ್ಕಳು ಮತ್ತು ಹದಿಹರೆಯದವರು. ಹುಡುಗಿಯರಿಗಿಂತ ಹುಡುಗರು ಜಾಸ್ತಿ. ನೀರಿನ ಬಿಸಿ 40ರಿಂದ 50 ಡಿಗ್ರಿ ಸೆಲ್ಸಿಯಸ್. ಮೂರರಲ್ಲಿ ಎರಡು ಪಾಲು ಜನರಿಗೆ ಬರುವುದು ಕೈಕಾಲು ಬಡಿದುಕೊಳ್ಳುವ ಫಿಟ್ಸ್ ಅಲ್ಲ. ಪ್ರಜ್ಞೆ ಮಸುಕಾಗಿ, ದಿಟ್ಟಿಸಿ ನೋಡುತ್ತ, ತುಟಿ ಚಪ್ಪರಿಸುತ್ತ, ಅಸಂಬದ್ಧ ಮಾತಾಡುತ್ತ, ಕೆಲವೊಮ್ಮೆ ಕಾರಣವಿಲ್ಲದೆ ಹೆದರಿ ನಡುಗುವಂಥದು. ಅರ್ಧ ನಿಮಿಷದಿಂದ ಮೂರು ನಿಮಿಷದ ಒಳಗೆ ಮುಗಿಯುತ್ತದೆ. ಇಂಥದ್ದನ್ನು ಮನೆಯವರು ಮೂರ್ಛೆ ಎಂದು ಗುರುತಿಸುವುದೇ ಕಷ್ಟ, "ಮೈಮೇಲೆ ಬಂದಿದೆ" ಎಂದುಕೊಳ್ಳುವುದೇ ಸುಲಭ.

ಅದೇ ಮನೆ, ಅದೇ ಹಂಡೆ, ಅದೇ ನೀರು. ಅಣ್ಣನಿಗೆ ಏನೂ ಆಗುವುದಿಲ್ಲ, ತಮ್ಮನಿಗೆ ಮೂರ್ಛೆ. ತಮ್ಮನಿಗೂ ಮೈಗೆ ಮಾತ್ರ ಹುಯ್ದುಕೊಂಡರೆ ಸಾಮಾನ್ಯವಾಗಿ ಏನೂ ಇಲ್ಲ, ತಲೆಗೆ ಬಿದ್ದರೆ ಮಾತ್ರ. ಬಿರುಬಿಸಿಲಲ್ಲಿ ದಿನವಿಡೀ ಆಡಿದರೂ ಇಲ್ಲ. ಏಕೆ?

ತಲೆಯಿಂದಲೇ ಶುರುಮಾಡೋಣ. ನೆತ್ತಿ ಮತ್ತು ಮುಖದ ಚರ್ಮ ಸ್ಪರ್ಶಕ್ಕೂ ಶಾಖಕ್ಕೂ ತುಂಬ ಸೂಕ್ಷ್ಮ, ಮೆದುಳಿನ ಸ್ಪರ್ಶದ ನಕ್ಷೆಯಲ್ಲಿ ಮುಖಕ್ಕೆ ಸಿಕ್ಕಿರುವ ಜಾಗ ಇಡೀ ಬೆನ್ನಿಗೆ ಸಿಕ್ಕಿದ್ದಕ್ಕಿಂತ ಎಷ್ಟೋ ದೊಡ್ಡದು. ಶಾಖ ಗ್ರಹಿಸುವ ನರತುದಿಗಳಲ್ಲಿ ಟಿಆರ್‌ಪಿವಿ1 ಎಂಬ ಒಂದು ಪ್ರೊಟೀನ್ ಬಾಗಿಲಿದೆ, ಸುಮಾರು 43 ಡಿಗ್ರಿ ದಾಟಿದಾಗ ಅದು ತೆರೆಯುತ್ತದೆ. ಅದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೂ, ಸ್ಪರ್ಶದ ಬಾಗಿಲನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಅವರಿಗೂ 2021ರಲ್ಲಿ ನೊಬೆಲ್ ಬಂತು. ಬಿಸಿನೀರನ್ನು ಚೊಂಬಿನಿಂದ ಸುರಿದಾಗ ಶಾಖವೂ ಹೊಡೆತವೂ ಒಂದೇ ಗಳಿಗೆಯಲ್ಲಿ ಬೀಳುತ್ತವೆ. ಚೊಂಬಿನ ಹಿಂದೆ ಚೊಂಬು ಬರುವುದರಿಂದ ಮೆದುಳಿಗೆ ಉಸಿರಾಡಲು ಬಿಡುವೇ ಇರುವುದಿಲ್ಲ. ಬರೀ ಶಾಖ ಸಾಲದು, ಬರೀ ನೀರೂ ಸಾಲದು, ಇವೆಲ್ಲ ಸೇರಿಯೇ ಕೆಲಸ ಮಾಡುವುದು ಎಂಬುದು ಈ ಕ್ಷೇತ್ರದವರ ಅಭಿಪ್ರಾಯ.

ಆ ಸುದ್ದಿ ಒಳಗೆ ತಲುಪುವ ಜಾಗಗಳಲ್ಲಿ ಒಂದು ಹೈಪೋಥಲಾಮಸ್. ಮೆದುಳಿನ ತಳದಲ್ಲಿ, ಬಾದಾಮಿ ಬೀಜದಷ್ಟು ಗಾತ್ರದ ಭಾಗ. ಹಸಿವು, ಬಾಯಾರಿಕೆಗಳ ಜೊತೆಗೆ ದೇಹದ ಶಾಖದ ಹದ ನೋಡಿಕೊಳ್ಳುವುದೂ ಇದರ ಕೆಲಸ. ಅಡುಗೆಯವರು ಪಾಕದ ಹದ ನೋಡುವಂತೆ ಇದು ರಕ್ತದ ಶಾಖವನ್ನು ನೋಡುತ್ತಲೇ ಇರುತ್ತದೆ, ಏರಿದರೆ ಬೆವರಿಸುತ್ತದೆ, ಇಳಿದರೆ ನಡುಗಿಸುತ್ತದೆ. ಬಿಸಿನೀರಿನ ಅಪಸ್ಮಾರ ಇರುವವರಲ್ಲಿ ತಲೆಸ್ನಾನದ ಹೊತ್ತಿಗೆ ದೇಹದ ಶಾಖ ಬೇರೆಯವರಿಗಿಂತ ಬೇಗ ಏರುತ್ತದೆ, ನಿಧಾನವಾಗಿ ಇಳಿಯುತ್ತದೆ ಎಂದು ನಿಮ್ಹಾನ್ಸ್ ತಂಡ ಗಮನಿಸಿತು. ಅಂದರೆ ಹದ ನೋಡುವವನ ಕೈಯಲ್ಲೇ ಸಣ್ಣ ದೋಷ.

ಶಾಖ ಏರಿದರೆ ನರಕೋಶದ ಬಾಗಿಲುಗಳು ಬೇಗ ಬೇಗ ತೆರೆದು ಮುಚ್ಚತೊಡಗುತ್ತವೆ. ಹೆಚ್ಚು ಬಿಸಿಯಲ್ಲಿ ಗಾಬಾದ ತಡೆ ದುರ್ಬಲವಾಗುತ್ತದೆ ಎಂದು ಪ್ರಾಣಿಗಳ ಮೆದುಳಿನ ಮೇಲಿನ ಪ್ರಯೋಗಗಳು ತೋರಿಸಿವೆ. ಎಳೆಯುವವರ ಬಲ ಹೆಚ್ಚಿತು, ಅಡ್ಡೆ ಕೊಡುವವರ ಕೈ ಸೋತಿತು. ಹಾಗಾದಾಗ ಮೊದಲು ಹೊತ್ತಿಕೊಳ್ಳುವುದು ಕಿವಿಯ ಒಳಭಾಗಕ್ಕೆ ನೇರವಾಗಿರುವ ಟೆಂಪೊರಲ್ ಲೋಬ್. ಅದರ ಒಳಮಡಿಕೆಯಲ್ಲಿ ನೆನಪು ಕೂಡಿಡುವ ಹಿಪೊಕ್ಯಾಂಪಸ್ ಇದೆ, ಭಯಕ್ಕೆ ಸಂಬಂಧಿಸಿದ ಅಮಿಗ್ಡಲ ಇದೆ. ದಿಟ್ಟಿಸುವ ನೋಟ, ತುಟಿ ಚಪ್ಪರಿಕೆ, ಕಾರಣವಿಲ್ಲದ ಹೆದರಿಕೆ, ಆಮೇಲೆ ಏನೂ ನೆನಪಿರದಿರುವುದು, ಇಷ್ಟೂ ಆ ಭಾಗದ ಸಹಿಗಳು. ಮೂರ್ಛೆಯ ಹೊತ್ತಿನಲ್ಲಿ ಮೆದುಳಿನ ರಕ್ತ ಹರಿವನ್ನು ಚಿತ್ರಿಸುವ ಸ್ಪೆಕ್ಟ್ ಪರೀಕ್ಷೆಯಲ್ಲೂ ಟೆಂಪೊರಲ್ ಲೋಬಿನ ಒಳಭಾಗ ಮತ್ತು ಹೈಪೋಥಲಾಮಸ್ ಎದ್ದು ಕಂಡಿವೆ. ನನ್ನ ತಮ್ಮ ಒದ್ದೆ ಟವೆಲ್ ಹಿಸುಕುತ್ತಿದ್ದುದನ್ನು ಮನೆಯವರು ಗಾಳಿಯ ಚೇಷ್ಟೆ ಎಂದುಕೊಂಡರಲ್ಲ, ನರವೈದ್ಯರಿಗೆ ಅದೊಂದೇ ವಿವರ ಎಲ್ಲಿ ಎಡವಟ್ಟಾಗಿದೆ ಎಂಬುದನ್ನು ಬೆರಳಿಟ್ಟು ತೋರಿಸುತ್ತದೆ.

ಇನ್ನು ಅಣ್ಣನಿಗಿಲ್ಲದ್ದು ತಮ್ಮನಿಗೆ ಏಕೆ? ಹೊಸ್ತಿಲಿನ ಎತ್ತರ ಎಲ್ಲರಲ್ಲೂ ಒಂದೇ ಇರುವುದಿಲ್ಲ, ಅದರಲ್ಲಿ ವಂಶವಾಹಿಗಳ ಪಾಲಿದೆ. ಕೆಲವು ಮನೆತನಗಳಲ್ಲಿ ಅಜ್ಜ, ಚಿಕ್ಕಪ್ಪ, ಮೊಮ್ಮಗ ಹೀಗೆ ಸಾಲಾಗಿ ಇದು ಕಾಣುತ್ತದೆ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಅವರ ತಂಡ ನಿಮ್ಹಾನ್ಸ್ ಜೊತೆ ಸೇರಿ ಅಂಥ ಕುಟುಂಬಗಳ ರಕ್ತ ಪರೀಕ್ಷಿಸಿ, ಒಂದು ಕಡೆ 10ನೇ ವರ್ಣತಂತುವಿನ ಒಂದು ಭಾಗ, ಇನ್ನೊಂದು ಕಡೆ 4ನೇ ವರ್ಣತಂತುವಿನ ಒಂದು ಭಾಗ ಈ ಕಾಯಿಲೆಯೊಂದಿಗೆ ಜೊತೆಜೊತೆಯಾಗಿ ಸಾಗುವುದನ್ನು ತೋರಿಸಿತು. ಒಂದೇ ಜೀನಿನ ಕಥೆ ಇದಲ್ಲ, ಬೇರೆ ಬೇರೆ ಮನೆತನಗಳಲ್ಲಿ ಬೇರೆ ಬೇರೆ ದಾರಿ.

ಆದರೆ ಜೀನಿನ ಜೊತೆ ಪದ್ಧತಿಯೂ ಸೇರಬೇಕು. ದಕ್ಷಿಣ ಭಾರತ ಬಿಟ್ಟರೆ ಈ ಕಾಯಿಲೆ ಹೆಚ್ಚು ವರದಿಯಾಗಿರುವುದು ಟರ್ಕಿಯಿಂದ. ಅಲ್ಲಿಯ ಹಮಾಮುಗಳಲ್ಲೂ ಬಟ್ಟಲಿನಿಂದ ತಲೆಗೆ ಬಿಸಿನೀರು ಹುಯ್ದುಕೊಳ್ಳುವ ರೂಢಿ ಇದೆ. ಸಮುದ್ರದಾಚೆಯ ಎರಡು ಊರುಗಳು, ಒಂದೇ ಚೊಂಬು.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು, ಏಕೆಂದರೆ ಮನೆಗಳಲ್ಲಿ ಇದರಿಂದ ಮಕ್ಕಳು ಬೈಸಿಕೊಳ್ಳುತ್ತಾರೆ. ಸುಮಾರು ಹತ್ತರಲ್ಲಿ ಒಬ್ಬರಿಗೆ ಮೂರ್ಛೆಯ ಹೊಸ್ತಿಲಲ್ಲಿ ಒಂದು ಬಗೆಯ ವಿಚಿತ್ರ ಹಿತ ಸಿಗುತ್ತದೆ. ಸಾಕು ಎಂದರೂ ನಿಲ್ಲಿಸದೆ, ಇನ್ನೂ ಬಿಸಿ, ಇನ್ನೂ ಬಿಸಿ ಎಂದು ತಾವೇ ಹುಯ್ದುಕೊಳ್ಳುತ್ತ ಹೋಗುತ್ತಾರೆ, ಪ್ರಜ್ಞೆ ತಪ್ಪುವವರೆಗೆ. ಹಟಮಾರಿತನ ಎಂದು ದೊಡ್ಡವರು ತಿಳಿಯುತ್ತಾರೆ. ಅದು ಹಟವಲ್ಲ. ಭಾವನೆಗಳನ್ನು ನಡೆಸುವ ಭಾಗದಲ್ಲೇ ಎಳೆತ ಶುರುವಾಗಿರುವಾಗ, ನಿಲ್ಲಿಸು ಎಂದು ಹೇಳಬೇಕಾದ ಮೆದುಳೇ ಆ ಹಗ್ಗ ಹಿಡಿದಿರುತ್ತದೆ.

"ಬಚ್ಚಲಲ್ಲಿ ಮಾತ್ರ ತಾನೆ, ದೊಡ್ಡವನಾದ ಮೇಲೆ ಸರಿಹೋಗುತ್ತದೆ" ಎಂದು ಸುಮ್ಮನಿರುವುದು ಏಕೆ ತಪ್ಪು ಎಂಬುದಕ್ಕೆ ಉತ್ತರ ಒಂದು ಹಳೆಯ ಪ್ರಯೋಗದಲ್ಲಿದೆ. 1960ರ ದಶಕದಲ್ಲಿ ಗ್ರಹಾಂ ಗೊಡಾರ್ಡ್ ಎಂಬ ವಿಜ್ಞಾನಿ ಇಲಿಗಳ ಮೆದುಳಿಗೆ ದಿನಕ್ಕೊಮ್ಮೆ ತೀರ ಸಣ್ಣ ವಿದ್ಯುತ್ ಕೊಡುತ್ತಿದ್ದರು. ಮೊದಮೊದಲು ಇಲಿಗಳಿಗೆ ಏನೂ ಆಗಲಿಲ್ಲ. ಕೆಲವು ದಿನಗಳ ನಂತರ ಅಷ್ಟೇ ಸಣ್ಣ ವಿದ್ಯುತ್ತಿಗೆ ಪೂರ್ಣ ಮೂರ್ಛೆ ಬರತೊಡಗಿತು. ಇದಕ್ಕೆ ಅವರು ಕಿಂಡ್ಲಿಂಗ್ ಎಂದು ಹೆಸರಿಟ್ಟರು, ಒಲೆಗೆ ಪುಳ್ಳೆ ಒಟ್ಟಿ ಬೆಂಕಿ ಹೊತ್ತಿಸುವುದು ಎಂಬ ಅರ್ಥದಲ್ಲಿ. ಬಚ್ಚಲೊಲೆ ಹೊತ್ತಿಸಿದವರಿಗೆ ಇದನ್ನು ಬೇರೆ ಬಿಡಿಸಿ ಹೇಳಬೇಕಿಲ್ಲ. ಮೊದಲು ಪುಳ್ಳೆ, ಆಮೇಲೆ ಕಡ್ಡಿ, ಒಮ್ಮೆ ದಪ್ಪ ಸೌದೆಗೆ ಬೆಂಕಿ ಹತ್ತಿತೆಂದರೆ ಊದುವ ಅಗತ್ಯವೇ ಇಲ್ಲ. ನಿಮ್ಹಾನ್ಸ್‌ನಲ್ಲಿ ಇಲಿಗಳ ತಲೆಗೆ ಬಿಸಿನೀರು ಹಾಕಿ ನೋಡಿದಾಗಲೂ ಹೀಗೇ ಆಯಿತು. ಮತ್ತೆ ಮತ್ತೆ ಹಾಕಿದಂತೆ ಕಡಿಮೆ ಬಿಸಿಗೇ, ಬೇಗನೆ, ಹೆಚ್ಚು ಹೊತ್ತು ಮೂರ್ಛೆ ಬರತೊಡಗಿತು. ಮನುಷ್ಯರಲ್ಲೂ ಬೇರೆ ಬೇರೆ ಅಧ್ಯಯನಗಳ ಪ್ರಕಾರ ನೂರಕ್ಕೆ 16ರಿಂದ 38 ಜನರಿಗೆ ಮುಂದೆ ಬಿಸಿನೀರಿನ ನೆಪವಿಲ್ಲದೆಯೂ ಮೂರ್ಛೆ ಬರುತ್ತದೆ. ತಡೆದ ಒಂದೊಂದು ಮೂರ್ಛೆಯೂ ಒಲೆಯಿಂದ ಹೊರಗೆಳೆದ ಒಂದು ಪುಳ್ಳೆ.

ತಡೆಯುವುದು ಹೇಗೆ ಎಂಬುದು ಈ ಕಾಯಿಲೆಯಲ್ಲಿ ನನಗೆ ತುಂಬ ಸಮಾಧಾನ ಕೊಡುವ ಭಾಗ. ಮೊದಲ ಮದ್ದು ನೀರಿನ ಬಿಸಿ ತಗ್ಗಿಸುವುದು. ತಲೆಗೆ ಹಾಕುವ ನೀರು ಉಗುರುಬೆಚ್ಚಗೆ ಇರಬೇಕು, ಮೈಶಾಖಕ್ಕಿಂತ ಹೆಚ್ಚು ಬೇಡ. ಹದ ನೋಡುವ ದೊಡ್ಡವರ ಕೈ ಒಲೆಯ ಬಿಸಿಗೆ ಪಳಗಿರುತ್ತದೆ, ಅವರಿಗೆ ಹಿತವೆನಿಸಿದ್ದು ಮಗುವಿನ ನೆತ್ತಿಗೆ ಸುಡಬಹುದು, ಆದ್ದರಿಂದ ಮೊಣಕೈ ಅದ್ದಿ ನೋಡುವುದು ಒಳ್ಳೆಯದು. ನಿಧಾನವಾಗಿ, ಬಿಡುವು ಕೊಟ್ಟು ಹುಯ್ಯಬೇಕು. ಬಹಳ ಜನರಿಗೆ ಇಷ್ಟರಲ್ಲೇ ಮೂರ್ಛೆ ನಿಲ್ಲುತ್ತದೆ. ನಿಲ್ಲದಿದ್ದರೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮೊದಲು ಕ್ಲೊಬಜಾಮ್ ಎಂಬ ಮಾತ್ರೆಯನ್ನು ಸಣ್ಣ ಪ್ರಮಾಣದಲ್ಲಿ ಕೊಡುವ ಕ್ರಮವಿದೆ. ಅದು ಗಾಬಾದ ತಡೆಗೆ ಬಲ ಕೊಡುವ ಮಾತ್ರೆ, ಅಂದರೆ ಅಡ್ಡೆ ಹಿಡಿಯುವವರ ಪಕ್ಕ ಇನ್ನಷ್ಟು ಜನ ನಿಂತಂತೆ. ಪ್ರಮಾಣವನ್ನು ವೈದ್ಯರೇ ಬರೆದುಕೊಡಬೇಕು, ಅಂಗಡಿಯಲ್ಲಿ ಕೇಳಿ ತರುವಂಥದ್ದಲ್ಲ. ನೀರಿಲ್ಲದೆಯೂ ಮೂರ್ಛೆ ಬರುವವರಿಗೆ ಕಾರ್ಬಮಜೆಪಿನ್‌ನಂಥ ಮಾತ್ರೆಗಳನ್ನು ದಿನವೂ ತೆಗೆದುಕೊಳ್ಳಬೇಕಾಗುತ್ತದೆ. ಅಪಸ್ಮಾರದ ಮದ್ದು ಬಡವರ ಕೈಗೆಟುಕದ್ದು ಎಂಬ ಭಯ ಬೇಡ. ಯಳಂದೂರಿನಲ್ಲಿ ಮಣಿಯವರ ತಂಡ ಫಿನೋಬಾರ್ಬಿಟಾಲ್, ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಮಾತ್ರೆಗಳಿಂದಲೇ ಹಳ್ಳಿಯ ಜನರಲ್ಲಿ ಮೂರ್ಛೆಯನ್ನು ಹತೋಟಿಗೆ ತಂದು, ಆ ಫಲಿತಾಂಶವನ್ನು 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿತು.

ಬಚ್ಚಲಲ್ಲೇ ಬಂದುಬಿಟ್ಟರೆ? ಮೊದಲು ಬಿಸಿನೀರಿನ ಬಕೆಟ್ಟು ದೂರ ಎಳೆಯಿರಿ, ಗೀಸರಿನ ನಲ್ಲಿ ನಿಲ್ಲಿಸಿ. ಮೂರ್ಛೆಗಿಂತ ಸುಟ್ಟಗಾಯ, ತಲೆಯ ಪೆಟ್ಟು ಹೆಚ್ಚು ಅಪಾಯ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಟವೆಲ್ ಮಡಚಿ ಇಡಿ. ಬಾಯಿಗೆ ಚಮಚ, ಬೆರಳು, ನೀರು ಏನನ್ನೂ ಹಾಕಬೇಡಿ. ಕೈಕಾಲು ಅದುಮಿ ಹಿಡಿಯಬೇಡಿ. ಕಬ್ಬಿಣ ಹಿಡಿಸಿದರೆ ನಿಲ್ಲುವುದಿಲ್ಲ, ತಾನಾಗಿ ನಿಲ್ಲುವ ಹೊತ್ತಿಗೆ ನಾವು ಹಿಡಿಸಿರುತ್ತೇವೆ ಅಷ್ಟೆ. ಗಡಿಯಾರ ನೋಡಿ. ಐದು ನಿಮಿಷ ಮೀರಿದರೆ, ಅಥವಾ ಎಚ್ಚರಾಗದೆ ಮತ್ತೆ ಬಂದರೆ 108ಕ್ಕೆ ಫೋನ್ ಮಾಡಿ. ಈ ತೊಂದರೆ ಇರುವವರು ಬಚ್ಚಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಲೇಬಾರದು.

ಮನೆಯವರು ಇದನ್ನು ಮುಚ್ಚಿಡುವುದಕ್ಕೆ ಮದುವೆಯ ಚಿಂತೆಯೇ ದೊಡ್ಡ ಕಾರಣ, ಹೆಣ್ಣುಮಕ್ಕಳ ವಿಷಯದಲ್ಲಂತೂ ಬಾಯಿಯೇ ಬಿಡುವುದಿಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಅಪಸ್ಮಾರ ಮದುವೆಗೆ ಅಡ್ಡಿ ಎಂದಿದ್ದ ಮಾತನ್ನು 1999ರ ತಿದ್ದುಪಡಿಯಲ್ಲಿ ತೆಗೆದುಹಾಕಿದ್ದಾರೆ. ಕಾನೂನಿನ ಪುಸ್ತಕದಿಂದ ಹೋದದ್ದು ನಮ್ಮ ಜಗಲಿಯ ಮಾತಿನಿಂದ ಇನ್ನೂ ಹೋಗಿಲ್ಲ.

ವೈದ್ಯರ ಹತ್ತಿರ ಹೋಗುವಾಗ ಒಂದು ವಿಷಯ ನೆನಪಿಡಿ. ಈ ಕಾಯಿಲೆಯಲ್ಲಿ ಮೂರ್ಛೆ ಇಲ್ಲದ ಹೊತ್ತಿನಲ್ಲಿ ತೆಗೆದ ಇಇಜಿ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ, ಸ್ಕ್ಯಾನ್ ಕೂಡ. ವರದಿ ನೋಡಿ ಏನೂ ಇಲ್ಲ ಎಂದು ಮನೆಗೆ ಬಂದುಬಿಡುವವರಿದ್ದಾರೆ. ಇಲ್ಲಿ ಯಂತ್ರಕ್ಕಿಂತ ನೀವು ಕಂಡದ್ದೇ ದೊಡ್ಡ ಸಾಕ್ಷಿ: ತಲೆಗೆ ಹಾಕಿದಾಗ ಬಂತೋ ಮೈಗೆ ಹಾಕಿದಾಗಲೋ, ನೀರು ಎಷ್ಟು ಬಿಸಿಯಿತ್ತು, ಎಷ್ಟನೇ ಚೊಂಬಿಗೆ ನೋಟ ಬದಲಾಯಿತು, ತುಟಿ ಆಡಿತೇ, ಕೈ ಏನು ಮಾಡುತ್ತಿತ್ತು. ಮೊಬೈಲಿನಲ್ಲಿ ಅರ್ಧ ನಿಮಿಷ ವಿಡಿಯೊ ಇದ್ದರೆ ಇನ್ನೂ ಒಳ್ಳೆಯದು.

ನನ್ನ ತಮ್ಮನನ್ನು ಕೊನೆಗೂ ನರವೈದ್ಯರ ಹತ್ತಿರ ಕರೆದುಕೊಂಡು ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆಗೆ ದೊಡ್ಡಮ್ಮ ಉತ್ತರ ಕೊಟ್ಟ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಬಾಯಲ್ಲಿ ಹೇಳಲಿಲ್ಲ. ಎದ್ದು ನಿಂತು, ಕೈಯಲ್ಲಿ ಚೊಂಬು ಇರುವವರಂತೆ, ಅವನ ತಲೆಯ ಮೇಲೆ ಒಂದಾದಮೇಲೊಂದು ಹುಯ್ದು ತೋರಿಸಿದರು. ಐದನೆಯ ಸಲಕ್ಕೆ ಕೈ ತಡೆದು, "ಇಲ್ಲಿಗೆ" ಎಂದರು. ವೈದ್ಯರು ಅದನ್ನೇ ಬರೆದುಕೊಂಡರು.